ಒಂದು ಗೇಣು ದೂರ

"ನಾನು ಇವತ್ತು ಬೆಳಿಗ್ಗೆ ನಿಮ್ಮ ಕಾರ್ಯಕ್ರಮದಲ್ಲಿ ತೀರಿಕೊಂಡವನು" ಎಂದು ಅವರು ಪರಿಚಯ ಹೇಳಿಕೊಂಡರು.

ಆಗ ಹತ್ತೂವರೆ ಗಂಟೆ. ನನ್ನ ಕಾರ್ಯಕ್ರಮ ಮುಗಿದು ಮೂರು ಗಂಟೆಯಾಗಿತ್ತು. ರೇಡಿಯೋ ಸ್ಟೇಷನ್ನಿನ ಮುಂಬಾಗಿಲ ಕೋಣೆಯಲ್ಲಿ ನಿಂತು ಮರುದಿನದ ಕೋರಿಕೆ ಚೀಟಿಗಳನ್ನು ಜೋಡಿಸುತ್ತಿದ್ದವಳು ತಲೆಯೆತ್ತಿದೆ. ಐವತ್ತು ದಾಟಿದ ಎತ್ತರದ ಮನುಷ್ಯ. ಮೊಣಕೈವರೆಗೆ ಮಡಚಿದ ಬಿಳಿ ಶರ್ಟು, ಉಗುರಿನ ಸಂದಿಯಲ್ಲಿ ತೊಳೆದರೂ ಹೋಗದ ಶಾಯಿ, ಕೈಯಲ್ಲಿ ಬಿಳಿ ಹೂವಿನ ದೊಡ್ಡ ಗುಚ್ಛ.

"ಇದು ನನ್ನ ಮಣ್ಣಿಗೆ ಅಂತ ಪಕ್ಕದ ಮನೆಯವರು ತಂದಿದ್ದು. ಬಾಗಿಲು ತೆಗೆದವನು ನಾನೇ. ಪಾಪ, ಅವರನ್ನ ಕೂರಿಸಿ, ನೀರು ಕೊಟ್ಟು ಸಮಾಧಾನ ಮಾಡಬೇಕಾಯ್ತು."

ಮಾತು ತುಸು ಜೋರಾಗಿತ್ತು. ಆದರೆ ಸಿಟ್ಟಿರಲಿಲ್ಲ.

ಏನಾಗಿರಬಹುದೆಂದು ನನಗೆ ಹೊಳೆಯಲು ಒಂದು ನಿಮಿಷ ಬೇಕಾಯಿತು. ಬೆಳಿಗ್ಗೆ ಆರರಿಂದ ಏಳೂವರೆಯವರೆಗೆ ನಾನು ಗಾಸ್ಪೆಲ್ ಹಾಡುಗಳ, ಅಂದರೆ ಕ್ರೈಸ್ತ ಭಕ್ತಿಗೀತೆಗಳ, ಕಾರ್ಯಕ್ರಮ ನಡೆಸುತ್ತೇನೆ. ಕೇಳುಗರು ಚೀಟಿ ಬರೆದು ಹಾಡು ಕೇಳುತ್ತಾರೆ. ಚೀಟಿಯಲ್ಲಿ ಎರಡೇ ಸಾಲು. ಮೇಲೆ, ಹಾಡು ಯಾರ ನೆನಪಿಗೆ ಎಂದು. ಕೆಳಗೆ, ಕೇಳುತ್ತಿರುವವರು ಯಾರು ಎಂದು. ಆವತ್ತು ಬೆಳಿಗ್ಗೆ ಒಂದು ಚೀಟಿಯಲ್ಲಿ ಮೇಲಿನ ಹೆಸರನ್ನು ಕೆಳಗೆ, ಕೆಳಗಿನ ಹೆಸರನ್ನು ಮೇಲೆ ಓದಿಬಿಟ್ಟಿದ್ದೆ. ಮೂರು ವರ್ಷದ ಹಿಂದೆ ತೀರಿಹೋದ ಹೆಂಡತಿಗಾಗಿ ಗಂಡ ಕೇಳಿದ್ದ ಹಾಡು, ನನ್ನ ಬಾಯಲ್ಲಿ, ತೀರಿಹೋದ ಗಂಡನಿಗಾಗಿ ಹೆಂಡತಿ ಕೇಳಿದ ಹಾಡಾಗಿತ್ತು.

ಇಪ್ಪತ್ತಮೂರು ವರ್ಷದಲ್ಲಿ ಇಂಥ ತಪ್ಪು ನನ್ನಿಂದ ಆಗಿರಲಿಲ್ಲ. ಕೂತುಕೊಂಡೆ.

"ದಯವಿಟ್ಟು ಕ್ಷಮಿಸಿ. ನಾಳೆ ಬೆಳಿಗ್ಗೆ ಅದೇ ಹೊತ್ತಿಗೆ ತಿದ್ದುಪಡಿ ಓದ್ತೀನಿ. ನಮ್ಮಲ್ಲಿ ನಿಯಮ ಅದು. ತಪ್ಪು ಯಾರ ಬಾಯಿಂದ ಆಯ್ತೋ ಅವರ ಬಾಯಿಂದಲೇ ಸರಿಯಾಗಬೇಕು."

ನಾನು ಮಾತಾಡುವಷ್ಟು ಹೊತ್ತೂ ಅವರು ನನ್ನ ಬಾಯನ್ನೇ ನೋಡುತ್ತಿದ್ದರು. ಕಣ್ಣು ಒಮ್ಮೆಯೂ ಆಚೀಚೆ ಹೋಗಲಿಲ್ಲ.

"ಅವಸರ ಏನಿಲ್ಲ ಮೇಡಂ. ಇಪ್ಪತ್ತಾರು ವರ್ಷ ನನ್ನ ಜೊತೆ ಸಂಸಾರ ಮಾಡಿದಳು, ನನಗೆ ಅಂತ ಒಂದು ಹಾಡು ಕೇಳಿದವಳಲ್ಲ. ಈಗ ಕೇಳಿದಾಳೆ. ಒಂದು ದಿನ ಇರಲಿ ಬಿಡಿ."

ನಗಬಹುದೋ ಬಾರದೋ ತಿಳಿಯದೆ ನಾನು ತುಟಿ ಕಚ್ಚಿಕೊಂಡೆ. ಅವರೇ ಮೊದಲು ನಕ್ಕರು. ಹೂಗುಚ್ಛವನ್ನು ನನ್ನ ಮೇಜಿನ ಮೇಲಿಟ್ಟರು.

"ಇದು ನಿಮಗಿರಲಿ. ಸತ್ತವನ ಹತ್ತಿರ ಇದ್ದು ಏನು ಪ್ರಯೋಜನ?"

*

ನಾನು ಈ ಕೆಲಸಕ್ಕೆ ಬಂದದ್ದೇ ಹಾಡಲು ಬಾರದ ಕಾರಣಕ್ಕೆ. ಹದಿನಾಲ್ಕನೇ ವಯಸ್ಸಿನಲ್ಲಿ ಚರ್ಚಿನ ಕ್ವಾಯರಿಗೆ ಸೇರಿದ್ದೆ. ಮೂರನೇ ದಿನ ಮಾಸ್ತರರು ನನ್ನನ್ನು ಪಕ್ಕಕ್ಕೆ ಕರೆದು, "ಮಗಳೇ, ನೀನು ಹಾಡೋದು ಬೇಡ. ಮುಂದಿನ ಹಾಡು ಯಾವುದು ಅಂತ ಹೇಳು, ಅಷ್ಟು ಸಾಕು" ಎಂದರು. ಅಳುತ್ತಳುತ್ತಲೇ ಹೇಳಿದೆ. ಬೆಂಚಿನಲ್ಲಿ ಕೂತವರೆಲ್ಲ ಇದು ಯಾರ ದನಿಯೆಂದು ತಲೆಯೆತ್ತಿ ನೋಡಿದ್ದು ಇನ್ನೂ ನೆನಪಿದೆ.

ಮುಂದೆ ರೇಡಿಯೋದಲ್ಲಿ ತರಕಾರಿ ಧಾರಣೆ ಮತ್ತು ಹವಾಮಾನ ಓದುವ ಕೆಲಸ ಸಿಕ್ಕಿತು. ಬೆಳಗಿನ ಹಾಡುಗಳನ್ನು ನಡೆಸುತ್ತಿದ್ದ ಹಿರಿಯರಿಗೆ ಒಂದು ವಾರ ಗಂಟಲು ಕಟ್ಟಿತು. ಆ ಒಂದು ವಾರಕ್ಕೆಂದು ಕೂತವಳು ಇನ್ನೂ ಎದ್ದಿಲ್ಲ. ಎಲ್ಲಿ ಹಾಡನ್ನು ಮುಟ್ಟಬಾರದು, ಎಲ್ಲಿ ಅದರ ಬೆನ್ನ ಮೇಲೆ ಮಾತು ಇಡಬಹುದು, ಹಾಡು ಮುಗಿದ ಮೇಲೆ ಎರಡು ಉಸಿರು ಯಾಕೆ ಬಿಡಬೇಕು, ಇವನ್ನೆಲ್ಲ ನಿಧಾನವಾಗಿ ಕಲಿತೆ. ಆಸ್ಪತ್ರೆಯ ವಾರ್ಡುಗಳಿಂದ, ಜೈಲಿನಿಂದ, ಕೆಲಸಕ್ಕೆ ಹೊರಟ ಬಸ್ಸುಗಳಿಂದ ಚೀಟಿ ಬರತೊಡಗಿದವು. ಜನ ನನ್ನನ್ನು 'ಬೆಳಗಿನಕ್ಕ' ಎಂದು ಕರೆದರು. ಅಂಗಡಿಯಲ್ಲಿ ಸೋಪು ಕೇಳಿದರೆ ಸಾಕು, ಅಂಗಡಿಯವನು ತಿರುಗಿ, "ಅರೇ, ನೀವಾ!" ಎನ್ನುತ್ತಿದ್ದ. ಆಮೇಲೆ ನನ್ನ ಮುಖ ನೋಡಿ, ಆ ದನಿಗೆ ಈ ಮುಖವೇ ಎಂಬಂತೆ, ಕಣ್ಣನ್ನು ಸೋಪಿನ ಕಡೆಗೆ ಹೊರಳಿಸುತ್ತಿದ್ದ. ಆ ನೋಟವನ್ನು ನಾನು ಬಲ್ಲೆ.

ಮೂವತ್ತೊಂದರಲ್ಲಿ ಒಬ್ಬರು ಪತ್ರ ಬರೆದು ಬರೆದು, ಕೊನೆಗೆ ಮದುವೆಯ ಮಾತಾಡಲು ಮನೆಗೆ ಬಂದರು. ಒಳ್ಳೆಯ ಮನುಷ್ಯ, ಲೆಕ್ಕದ ಮೇಷ್ಟ್ರು. ಎದುರು ಕುರ್ಚಿಯಲ್ಲಿ ಕೂತು ನನ್ನನ್ನು ನೋಡಿದರು, ಕಿಟಕಿ ನೋಡಿದರು, ಮತ್ತೆ ನನ್ನನ್ನು ನೋಡಿದರು. ಆಮೇಲೆ ಬಹಳ ವಿನಯದಿಂದ ಹೇಳಿದರು: "ತಪ್ಪು ತಿಳ್ಕೋಬೇಡಿ. ನಾನು ಕಣ್ಣು ಮುಚ್ಕೋತೀನಿ. ನೀವು ಮಾತಾಡಿ."

ಅಮ್ಮ ಅಡುಗೆಮನೆಯಿಂದ ಬಂದು ಅವರ ಟೀ ಲೋಟವನ್ನು ಅರ್ಧಕ್ಕೇ ಎತ್ತಿಕೊಂಡು ಹೋದಳು.

ಅಂದಿನಿಂದ ನನಗೆ ಒಂದು ವಿಷಯ ಖಾತ್ರಿಯಾಗಿತ್ತು. ನನ್ನನ್ನು ಬೇಕು ಎನ್ನುವವರಿಗೆ ಬೇಕಾದದ್ದು ನನ್ನ ದನಿ. ಅದಂತೂ ದಿನಾ ಬೆಳಿಗ್ಗೆ ಎಲ್ಲರ ಮನೆಗೂ ಹೋಗುತ್ತದೆ. ಅದನ್ನು ಬಿಟ್ಟು ಉಳಿದ ಹೆಂಗಸನ್ನು ಯಾರಾದರೂ ಕೇಳಿಕೊಂಡು ಬಂದಾರೆಂಬ ಆಸೆಯನ್ನು ನಾನು ಮಡಚಿ ಒಳಗಿಟ್ಟಿದ್ದೆ. ಎಸೆದಿರಲಿಲ್ಲ.

*

ಆವತ್ತು ಹೂವಿಟ್ಟು ಹೊರಟವರು ಕಪಾಟಿನಲ್ಲಿದ್ದ ಸ್ತುತಿಗೀತೆಗಳ ಪುಸ್ತಕ ನೋಡಿ ನಿಂತರು.

"ಇದು ನಮ್ಮ ಪ್ರೆಸ್ಸಿಂದು."

ಮೂವತ್ತು ವರ್ಷದಿಂದ ಊರಿನ ಚರ್ಚುಗಳಿಗೆಲ್ಲ ಹಾಡಿನ ಪುಸ್ತಕ ಅಚ್ಚು ಹಾಕುವವರು ಅವರೇ. ಈಗ ಹೊಸ ಆವೃತ್ತಿ ಬರಬೇಕಿತ್ತು. "ಜನ ಹಾಡೋದು ಒಂದು, ನಾನು ಅಚ್ಚು ಹಾಕೋದು ಇನ್ನೊಂದು ಅಂತ ಪಾದ್ರಿಗಳ ತಕರಾರು. ಜನ ಹೇಗೆ ಹಾಡ್ತಾರೆ ಅಂತ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತಿರತ್ತೆ? ಅಚ್ಚಿಗೆ ಹೋಗೋ ಮೊದಲು ಪ್ರೂಫ್ ನೋಡಿ ತಿದ್ದಿ ಕೊಡ್ತೀರಾ?"

"ಹಾಡು ಕೇಳಿಸ್ಕೊಂಡು ನೀವೇ ತಿದ್ದಬಹುದಲ್ಲ?"

"ನನ್ನಿಂದ ಆಗಲ್ಲ" ಎಂದರು ಚುಟುಕಾಗಿ.

"ಸರಿ, ಫೋನ್ ನಂಬರ್ ಕೊಡಿ."

"ಫೋನ್ ಬೇಡ. ನಾನೇ ಬರ್ತೀನಿ. ಗುರುವಾರ ನಮ್ಮ ಮೆಷಿನ್ ತೊಳೆಯೋ ದಿನ. ಬೆಳಿಗ್ಗೆ ಬಿಡುವು."

ಇವರು ಹಳೇ ಕಾಲದ ಮರ್ಯಾದಸ್ಥರಿರಬೇಕು ಎಂದುಕೊಂಡೆ.

ಮರುದಿನ ತಿದ್ದುಪಡಿ ಓದಿದೆ. ಅವರು ಬದುಕಿದರು, ಅವರ ಹೆಂಡತಿ ಮತ್ತೆ ತೀರಿಕೊಂಡರು.

*

ಗುರುವಾರ ಏಳು ಗಂಟೆಗೆಲ್ಲ ಬಂದುಬಿಡುತ್ತಿದ್ದರು. ಕಾರ್ಯಕ್ರಮ ಮುಗಿಯುವವರೆಗೆ ಕಂಟ್ರೋಲ್ ರೂಮಿನಲ್ಲಿ, ಸೌಂಡ್ ಎಂಜಿನಿಯರ್ ಪಕ್ಕದ ಕುರ್ಚಿಯಲ್ಲಿ ಕೂರುತ್ತಿದ್ದರು. ನನಗೂ ಅವರಿಗೂ ನಡುವೆ ದಪ್ಪನೆಯ ಎರಡು ಪದರದ ಗಾಜು. ನಾನು ಚೀಟಿ ಓದಿ ತಲೆಯೆತ್ತಿದರೆ ಅವರ ಕಣ್ಣು ನನ್ನ ಮೇಲಿರುತ್ತಿತ್ತು. ಕೆಳಗಿಳಿಸುತ್ತಿರಲಿಲ್ಲ. ಈ ವಯಸ್ಸಿನಲ್ಲಿ ಹೀಗೆ ನೋಡುವ ಗಂಡಸನ್ನು ದಿಟ್ಟ ಎನ್ನಬೇಕೋ ನಿರ್ಲಜ್ಜ ಎನ್ನಬೇಕೋ? ನಾನೇ ಮೊದಲು ಸೋತು ಮುಂದಿನ ಚೀಟಿ ತೆಗೆಯುತ್ತಿದ್ದೆ.

ಕಾರ್ಯಕ್ರಮದ ನಂತರ ಹಾಡುಗಳ ಸಂಗ್ರಹದ ಕೋಣೆಯಲ್ಲಿ ಪ್ರೂಫ್ ಹರಡಿಕೊಂಡು ಕೂರುತ್ತಿದ್ದೆವು. ಯಾವಾಗಲೂ ನನ್ನ ಬಲಗಡೆಗೆ ಕುರ್ಚಿ ಎಳೆದುಕೊಳ್ಳುತ್ತಿದ್ದರು. ಎಡಗಡೆ ಫ್ಯಾನಿದೆ, ಅಲ್ಲಿ ಕೂತ್ಕೊಳ್ಳಿ ಎಂದರೂ ಕೇಳುತ್ತಿರಲಿಲ್ಲ.

"ಇದು ನೋಡಿ, ನೂರಾ ಹನ್ನೆರಡು" ಎಂದೆ ಒಂದು ದಿನ. "ನೀವು ಅಚ್ಚು ಹಾಕಿರೋದು 'ನಿನ್ನ ಬಾಗಿಲ ಬಳಿ ನಿಂತಿರುವೆ'. ಆದರೆ ಹಾಡೋರೆಲ್ಲ 'ಕೂತಿರುವೆ' ಅಂತಲೇ ಹಾಡ್ತಾರೆ."

"ನಿಂತೂ ನಿಂತೂ ಕಾಲು ನೋವು ಬಂದಿರಬೇಕು."

"ತಮಾಷೆ ಬೇಡ. ಯಾವುದಿಡಲಿ?"

"ಬಾಗಿಲು ತೆಗೆಯೋರು ಯಾವಾಗ ತೆಗೀತಾರೆ ಅಂತ ಗೊತ್ತಿದ್ರೆ ಹೇಳಬಹುದು." ಅವರು ನನ್ನ ಬಾಯಿಂದ ಕಣ್ಣಿಗೆ ನೋಟ ಎತ್ತಿದರು. "ತಡ ಆಗೋ ಹಾಗಿದ್ರೆ ಕೂರೋದೇ ವಾಸಿ."

ನಾನು 'ನಿಂತಿರುವೆ'ಯನ್ನು ಹೊಡೆದುಹಾಕಿದೆ. ಪೆನ್ಸಿಲ್ ಮೊನೆ ಮುರಿಯಿತು. ಅವರು ಜೇಬಿನಿಂದ ಇನ್ನೊಂದು ಪೆನ್ಸಿಲ್ ತೆಗೆದು, ಅದರ ಮೊನೆಯನ್ನು ಬೆರಳ ತುದಿಯಲ್ಲಿ ಮುಟ್ಟಿ ನೋಡಿ, ನನ್ನ ಮುಂದಿಟ್ಟರು. ಶಾಯಿಯ ಆ ಬೆರಳು ನನ್ನ ಬೆರಳಿನ ಪಕ್ಕ ಬೇಕಾದದ್ದಕ್ಕಿಂತ ಒಂದು ಕ್ಷಣ ಹೆಚ್ಚು ಇತ್ತು. ನಾನು ಎಣಿಸಿದ್ದೆ.

ನಿವೃತ್ತಿಗೆ ಎರಡು ವರ್ಷ ಬಾಕಿಯಿದ್ದ ನಮ್ಮ ಎಂಜಿನಿಯರನ್ನು ನಾನು ಅಣ್ಣ ಎಂದೇ ಕರೆಯುವುದು. ಅವರಿಗೆ ಇದೆಲ್ಲ ಕಾಣದೆ ಇರುತ್ತದೆಯೇ?

"ಅಲ್ಲ ತಂಗಿ, ಆ ಪುಸ್ತಕದಲ್ಲಿ ನಾನೂರು ಹಾಡಿದೆ. ವಾರಕ್ಕೆ ಆರು ತಿದ್ತೀರಿ. ಅಂದ್ರೆ ಒಂದೂಕಾಲು ವರ್ಷ! ಬುದ್ಧಿವಂತ ಕಣಮ್ಮ ನಿನ್ನ ಪ್ರೆಸ್ಸಿನವರು."

"ನನ್ನ ಪ್ರೆಸ್ಸಿನವರು ಅಂದ್ರೇನು ಅಣ್ಣ?"

"ಸರಿ, ನನ್ನ ಪ್ರೆಸ್ಸಿನವರು. ನನ್ನನ್ನೇ ನೋಡೋಕೆ ಬರ್ತಾರೆ."

ಮನೆಯಲ್ಲಿ ಅಮ್ಮನದು ಬೇರೆ. ಎಪ್ಪತ್ತೆಂಟು ವರ್ಷ, ಕಣ್ಣು ಮಾತ್ರ ಹದ್ದಿನದು. "ಏನೇ, ಗುರುವಾರ ಗುರುವಾರ ಆ ಮುತ್ತಿನ ಓಲೆ ಹಾಕ್ಕೊಂಡು ಹೋಗ್ತೀಯಲ್ಲ, ರೇಡಿಯೋದಲ್ಲಿ ಓಲೆ ಕಾಣತ್ತಾ?"

"ಸುಮ್ಮನಿರಮ್ಮ."

"ಸುಮ್ಮನೇ ಇದೀನಿ. ಕೇಳಿದೆ ಅಷ್ಟೇ."

*

ಐದನೇ ತಿಂಗಳಲ್ಲಿ ಅವರು ಹೆಂಡತಿಯ ಮಾತು ತೆಗೆದರು. ಯಾವುದೋ ಹಾಡಿನ ಪ್ರೂಫ್ ಮುಂದಿತ್ತು. ಅದರ ಮೇಲೆ ಕೈಯಾಡಿಸುತ್ತ, "ಇದು ಅವಳಿಗೆ ಇಷ್ಟ" ಎಂದರು. ಕಡೆಯ ಎಂಟು ತಿಂಗಳು ಆಕೆ ಹಾಸಿಗೆಯಲ್ಲೇ ಇದ್ದರಂತೆ. ತಲೆದಿಂಬಿನ ಪಕ್ಕ ರೇಡಿಯೋ. ಬೆಳಿಗ್ಗೆ ಆರಕ್ಕೆ ಇವರು ಅದನ್ನು ಹಚ್ಚಿ ಪಕ್ಕದಲ್ಲಿ ಕೂರುತ್ತಿದ್ದರು. "ನಿಮ್ಮ ದನಿ ಬಂದ ಕೂಡಲೇ ಅವಳ ಹಣೆ ಗಂಟು ಬಿಚ್ಚೋದು. ಮಾತ್ರೆಗೂ ಬಿಚ್ಚದೇ ಇರೋ ಗಂಟು. ಒಂದು ದಿನವೂ ತಪ್ಪಿಸಲಿಲ್ಲ ನಾವು."

ನಾನು "ದೇವರು ದೊಡ್ಡವನು" ಎಂದೋ ಏನೋ ಹೇಳಿದೆ. ರೇಡಿಯೋದಲ್ಲಿ ಹೇಳುವಂಥ ಮಾತು.

ಬಸ್ಸಿನಲ್ಲಿ ಮನೆಗೆ ಹೋಗುವಾಗ ಅದನ್ನೇ ಯೋಚಿಸಿದೆ. ಹಾಗಾದರೆ ಇಷ್ಟೇ. ಇವರು ಹುಡುಕಿಕೊಂಡು ಬಂದದ್ದು ಆ ಕೋಣೆಯನ್ನು, ಆ ಬೆಳಗುಗಳನ್ನು. ಹೆಂಡತಿಯ ತಲೆದಿಂಬಿನ ಪಕ್ಕದ ದನಿ ಈಗ ಕೈಗೆ ಸಿಗುವಂತೆ ಕೂತಿದೆ. ಮೇಷ್ಟ್ರು ಕಣ್ಣು ಮುಚ್ಚಿಕೊಳ್ಳುತ್ತೇನೆ ಎಂದು ಹೇಳಿಯಾದರೂ ಹೇಳಿದ್ದರು. ಇವರು ಕಣ್ಣು ತೆರೆದುಕೊಂಡೇ ಇನ್ನೊಬ್ಬರನ್ನು ನೋಡುತ್ತಿದ್ದಾರೆ.

ಆಕೆಯ ಮೇಲೆ ಹೊಟ್ಟೆಕಿಚ್ಚು ಪಡಲು ಮನಸ್ಸಾಗಲಿಲ್ಲ. ನನ್ನ ಮೇಲೇ ಸಿಟ್ಟು ಬಂತು. ಮನೆ ತಲುಪುವ ಮೊದಲೇ ಓಲೆ ಬಿಚ್ಚಿ ಪರ್ಸಿನಲ್ಲಿ ಹಾಕಿಕೊಂಡೆ.

*

ಮುಂದಿನ ಗುರುವಾರ ಇನ್ನೊಂದಾಯಿತು.

ನನಗೊಂದು ಅಭ್ಯಾಸವಿದೆ. ಹಾಡು ಹೋಗುತ್ತಿರುವಾಗ, ಮೈಕ್ ಮುಚ್ಚಿದ್ದಾಗ, ಸ್ಟುಡಿಯೋದಲ್ಲಿ ಒಬ್ಬಳೇ ಮಾತಾಡಿಕೊಳ್ಳುತ್ತೇನೆ. ಕೆಂಪು ದೀಪ ಆರಿದ ಮೇಲೆ ಆ ಕೋಣೆಯಿಂದ ಒಂದು ಪಿಸುಮಾತೂ ಆಚೆ ಹೋಗುವುದಿಲ್ಲ. ಹೊಟ್ಟೆ ಹಸಿವು, ಅಮ್ಮನ ಮಂಡಿ ನೋವು, ಮೇಲಿನವರ ಮೇಲಿನ ಕೋಪ ಎಲ್ಲ ಅಲ್ಲಿ ಹೊರಗೆ ಬರುತ್ತದೆ. ಹಾಗಿಲ್ಲದಿದ್ದರೆ ಒಂದೂವರೆ ಗಂಟೆ ಸಮಾಧಾನದ ದನಿಯಲ್ಲಿ ಮಾತಾಡಲು ಯಾರಿಂದಾದೀತು?

ಅವತ್ತು ಗಾಜಿನಾಚೆ ನೋಡುತ್ತ ಹೇಳಿಕೊಂಡೆ: "ಶರ್ಟಿನ ಗುಂಡಿ ಒಂದು ಮನೆ ತಪ್ಪಿ ಹಾಕ್ಕೊಂಡು ಬಂದಿದಾರೆ. ಮನೇಲಿ ಹೇಳೋರು ಯಾರೂ ಇಲ್ಲ, ಪಾಪ."

ಅವರು ತಲೆ ತಗ್ಗಿಸಿ ಎದೆ ನೋಡಿಕೊಂಡರು. ಒಂದೊಂದಾಗಿ ಗುಂಡಿ ಬಿಚ್ಚಿ ಸರಿಯಾಗಿ ಹಾಕಿಕೊಂಡರು.

ಮೈಕ್ ತೆರೆದಿತ್ತೆ? ಊರಿಗೆಲ್ಲ ಕೇಳಿತೆ? ಹಾಡು ಮುಗಿಯುವುದರೊಳಗೆ ಬಾಗಿಲು ತಳ್ಳಿ ಕಂಟ್ರೋಲ್ ರೂಮಿಗೆ ನುಗ್ಗಿದೆ.

"ಅಣ್ಣ, ನನ್ನ ಮೈಕ್ ಆನ್ ಇತ್ತಾ?"

"ಇಲ್ಲಮ್ಮ! ಮೈಕಿನ ಸ್ವಿಚ್ ಪೂರ್ತಿ ಕೆಳಗಿದೆ, ನೋಡು ಬೇಕಾದ್ರೆ."

"ಹಾಗಾದ್ರೆ ಇಲ್ಲಿ ಸ್ಪೀಕರ್‌ನಲ್ಲಿ ಕೇಳಿಸ್ಕೊಳ್ತಿದ್ರಾ? ಇವರಿಗೂ ಕೇಳಿಸ್ತಿದ್ರಾ? ಎಷ್ಟು ದಿನದಿಂದ ನಡೀತಿದೆ ಇದು?"

ಅಣ್ಣನ ಮುಖ ಸಪ್ಪೆಯಾಯಿತು. ಇಪ್ಪತ್ತು ವರ್ಷದಲ್ಲಿ ನಾನು ಅವರ ಮೇಲೆ ಹೀಗೆ ಹರಿಹಾಯ್ದಿರಲಿಲ್ಲ. ಪ್ರೆಸ್ಸಿನವರು ಎದ್ದು ನಿಂತರು. ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಹಾಡು ಮುಗಿಯುವುದರಲ್ಲಿತ್ತು, ನಾನು ಓಡಬೇಕಾಯಿತು. ಮೈಕಿನ ಮುಂದೆ ಕೂತು, ಎರಡು ಉಸಿರು ಬಿಟ್ಟು, ಜೇನಿನಂಥ ದನಿಯಲ್ಲಿ ಮುಂದಿನ ಚೀಟಿ ಓದಿದೆ. ಆ ದನಿಯ ಬಗ್ಗೆ ನನಗೇ ಅಸಹ್ಯವಾಯಿತು.

ಸಂಗ್ರಹದ ಕೋಣೆಯಲ್ಲಿ ಅವರು ಪ್ರೂಫ್ ಬಿಚ್ಚಿರಲಿಲ್ಲ. ನಾನು ಕೂರಲಿಲ್ಲ.

"ನೋಡಿ, ನಿಮಗೆ ಬೇಕಾಗಿರೋದು ನಿಮ್ಮ ಹೆಂಡತಿಯ ಕೋಣೇಲಿ ಕೇಳ್ತಿದ್ದ ದನಿ. ರೇಡಿಯೋದಲ್ಲಿ ಬರೋದು ಸಾಲದೆ ನಾನು ಒಬ್ಬಳೇ ಇದ್ದಾಗ ಆಡೋದನ್ನೂ ಕೇಳಿಸ್ಕೊಂಡ್ರಿ. ನಿಮ್ಮ ದುಃಖ ನನಗೆ ಅರ್ಥ ಆಗತ್ತೆ. ಆದರೆ ದನಿ ಬೇಕಿದ್ರೆ ಮನೇಲೇ ಕೂತು ರೇಡಿಯೋ ಹಾಕ್ಕೊಳ್ಳಿ. ನನ್ನ ಎದುರು ಬಂದು ಕೂತ್ಕೋಬೇಡಿ. ನನಗೆ... ನನಗೆ ಕಷ್ಟ ಆಗತ್ತೆ."

ಅವರು ನನ್ನ ಬಾಯನ್ನು ಕೊನೆಯ ಅಕ್ಷರದವರೆಗೂ ನೋಡಿದರು. ಆಮೇಲೆ ಕುರ್ಚಿಯ ಬೆನ್ನನ್ನು ಹಿಡಿದುಕೊಂಡರು.

"ನಿಮ್ಮ ದನಿ ಹೇಗಿದೆ ಅಂತ ನನಗೆ ಗೊತ್ತಿಲ್ಲ" ಎಂದರು.

"ಏನು?"

"ನನಗೆ ಕಿವಿ ಕೇಳಲ್ಲ ಮೇಡಂ. ಮೂವತ್ತು ವರ್ಷ ಮೆಷಿನ್ ಪಕ್ಕ ನಿಂತವನು. ಬಲಗಿವಿ ಪೂರ್ತಿ ಹೋಗಿದೆ. ಎಡಗಿವೀಲಿ ಸ್ವಲ್ಪ ಉಳಿದಿದೆ. ಒಂದು ಗೇಣು ಹತ್ತಿರ ಬಂದು ಮಾತಾಡಿದ್ರೆ ಕೇಳತ್ತೆ. ಅಷ್ಟು ಹತ್ತಿರ ಬಂದು ಮಾತಾಡೋರು ಈಗ ಯಾರಿದಾರೆ? ನಾನು ತುಟಿ ಓದೋದು. ಪ್ರೆಸ್ಸಲ್ಲಿ ನಾವೆಲ್ಲ ಹಾಗೇ ಮಾತಾಡೋದು. ಗಾಜಿನಾಚೆ ನೀವು ಹೇಳಿದ್ದನ್ನೂ ಹಾಗೇ ಓದಿದೆ. ಪಾಪ, ಆ ಎಂಜಿನಿಯರ್ ಏನೂ ಮಾಡಿಲ್ಲ."

ಕೋಣೆಯಲ್ಲಿ ಫ್ಯಾನಿನ ಸದ್ದು ಮಾತ್ರ ಇತ್ತು. ಅದೂ ನನಗೊಬ್ಬಳಿಗೆ.

"ಮತ್ತೆ ಆ ಎಂಟು ತಿಂಗಳು...?"

"ಅವಳು ನಿಮ್ಮನ್ನ ಕೇಳೋಳು. ನಾನು ಅವಳ ಮುಖ ನೋಡೋನು. ನೀವು ನಕ್ಕಿದ್ದು, ನಿಲ್ಲಿಸಿದ್ದು, ಎಲ್ಲ ಅವಳ ಮುಖದಲ್ಲೇ ಗೊತ್ತಾಗ್ತಿತ್ತು. ಅವಳಿಗೆ ಇಷ್ಟ ಅಂತ ಈಗಲೂ ವರ್ಷಕ್ಕೊಂದು ಚೀಟಿ ಹಾಕ್ತೀನಿ. ನನ್ನ ಸಾವಿನ ಸುದ್ದಿ ಕೂಡ ನನಗೆ ಹೂ ತಂದವರೇ ಹೇಳಬೇಕಾಯ್ತು."

"ಮೊದಲೇ ಯಾಕೆ ಹೇಳಲಿಲ್ಲ?"

"ರೇಡಿಯೋದವರ ಮುಂದೆ ಹೋಗಿ ಕಿವಿ ಕೇಳಲ್ಲ ಅನ್ನೋದು ಹೇಗೆ? ಅಡುಗೆಯವರ ಮನೆಗೆ ಊಟಕ್ಕೆ ಹೋಗಿ ನಾಲಿಗೆ ರುಚಿ ಇಲ್ಲ ಅಂದ ಹಾಗೆ." ನಗಲು ನೋಡಿದರು, ಆಗಲಿಲ್ಲ. "ಡಾಕ್ಟರು ಕಿವಿಗೆ ಮೆಷಿನ್ ಕೊಟ್ಟಿದಾರೆ. ಹಾಕ್ಕೊಂಡ್ರೆ ಕಾಗದ ಹರಿದಿದ್ದು ಗುಡುಗಿದ ಹಾಗಿರತ್ತೆ, ಮನುಷ್ಯರ ಮಾತು ಮಾತ್ರ ಕೇಳಲ್ಲ. ಡ್ರಾಯರ್‌ನಲ್ಲಿಟ್ಟಿದೀನಿ. ನೀವು ಏನೋ ಅಂದುಕೊಂಡ್ರಲ್ಲ, ಅವಳಿಗೆ ಬೇಕಾಗಿದ್ದು ನಿಮ್ಮ ದನಿ. ನನಗೆ ಅದು ಸಿಕ್ಕಿದ್ದೇ ಇಲ್ಲ. ನನಗೆ ಸಿಕ್ಕಿರೋದು ನೀವು."

ಹದಿನಾರು ವರ್ಷದಿಂದ ಕಾದಿದ್ದ ಮಾತು ಅದು. ಎದುರಿಗೇ ಬಂದು ನಿಂತಾಗ ನಾನು ಏನು ಹೇಳಿದೆ ಗೊತ್ತೇ?

"ನನ್ನ ದನಿ ಚೆನ್ನಾಗಿದೆ" ಎಂದೆ. ಚಿಕ್ಕ ಹುಡುಗಿಯ ಹಾಗೆ. "ತುಂಬಾ ಚೆನ್ನಾಗಿದೆ. ಎಲ್ಲರೂ ಹೇಳ್ತಾರೆ."

ಹೇಳಿ ಮುಖ ತಿರುಗಿಸಿಕೊಂಡೆ. ಕಣ್ಣು ತುಂಬಿತ್ತು, ಅವರು ನೋಡುವುದು ಬೇಡವಾಗಿತ್ತು.

ಮುಖ ತಿರುಗಿಸಿದರೆ ಅವರಿಗೆ ನನ್ನ ಮಾತು ಕಾಣುವುದಿಲ್ಲ ಎಂಬುದನ್ನು ಆ ಕ್ಷಣದಲ್ಲಿ ಮರೆತೆ. "ಸ್ವಲ್ಪ ತಡೀರಿ, ನನಗೆ ಏನು ಹೇಳಬೇಕೋ ತಿಳೀತಿಲ್ಲ" ಎಂದು ಗೋಡೆಗೆ ಹೇಳಿದೆ. ತಿರುಗುವಷ್ಟರಲ್ಲಿ ಅವರು ಪ್ರೂಫ್ ಸುತ್ತಿಕೊಂಡು ಕಾರಿಡಾರ್ ದಾಟುತ್ತಿದ್ದರು.

"ನಿಲ್ಲಿ!" ಎಂದೆ.

ಊರಿನ ಮೂಲೆಮೂಲೆಗೆ ಹೋಗುವ ದನಿ. ಇಪ್ಪತ್ತು ಹೆಜ್ಜೆ ದೂರದ ಒಂದು ಬೆನ್ನನ್ನು ಮುಟ್ಟಲಿಲ್ಲ.

*

ಮುಂದಿನ ಗುರುವಾರ ಕುರ್ಚಿ ಖಾಲಿ. ಅದರ ಮುಂದಿನ ಗುರುವಾರವೂ. ಅಣ್ಣನ ಹತ್ತಿರ ಕ್ಷಮೆ ಕೇಳಿದೆ. "ಅಯ್ಯೋ ಬಿಡು ತಂಗಿ. ಅವರ ಹತ್ತಿರ ಕೇಳಿದ್ಯಾ?" ಎಂದರು. ಫೋನ್ ಮಾಡೋಣವೆಂದರೆ ಫೋನಿನ ಮನುಷ್ಯರಲ್ಲ. ರೇಡಿಯೋದಲ್ಲಿ ಹೇಳೋಣವೆಂದರೆ ಇಡೀ ಊರಿಗೆ ಕೇಳುತ್ತದೆ, ಅವರೊಬ್ಬರನ್ನು ಬಿಟ್ಟು.

ಆ ಎರಡು ವಾರ ನನ್ನೊಳಗೇ ಒಂದು ವಿಚಿತ್ರ ಜಗಳ ನಡೆದಿತ್ತು. ದನಿಯನ್ನು ಬಿಟ್ಟು ನನ್ನನ್ನು ನೋಡುವವರು ಬೇಕೆಂದು ಎಷ್ಟು ಬೇಡಿಕೊಂಡಿದ್ದೆ! ಅಂಥವರು ಬಂದರೆ ನನಗೇಕೆ ಅಷ್ಟು ನೋವು? ಯೋಚಿಸುತ್ತ ಯೋಚಿಸುತ್ತ ತಿಳಿಯಿತು. ದನಿಯನ್ನು ನಾನು ಸವತಿಯಂತೆ ಕಂಡಿದ್ದೆ, ಎಲ್ಲರ ಪ್ರೀತಿಯನ್ನೂ ನನ್ನ ಕೈಯಿಂದ ಕಿತ್ತುಕೊಂಡವಳೆಂದು. ಆದರೆ ಇಪ್ಪತ್ತಮೂರು ವರ್ಷ ಬೆಳಗಿನ ನಾಲ್ಕಕ್ಕೆ ಎದ್ದು, ಬಿಸಿನೀರು ಕುಡಿದು, ಜ್ವರದಲ್ಲೂ ಅದನ್ನು ಸಾಕಿದವಳು ನಾನೇ. ಹೆತ್ತ ಮಗುವಿನಷ್ಟೇ ನನ್ನದು. ಪ್ರೀತಿಸಿದವರಿಗೆ ಅದನ್ನು ತೋರಿಸದೆ ಇರುವುದು ಹೇಗೆ?

ಊಟಕ್ಕೆ ಕೂತಾಗ ಅಮ್ಮನಿಗೆ ಎಲ್ಲ ಹೇಳಿದೆ.

"ಕಿವಿ ಕೇಳಲ್ವಂತಾ?" ಎಂದಳು ಅಮ್ಮ. ತುತ್ತು ನುಂಗಿ ನೀರು ಕುಡಿದಳು. "ನಿಮ್ಮಪ್ಪನಿಗೆ ಎರಡು ಕಿವಿನೂ ಕೇಳ್ತಿತ್ತು. ನಾನು ಹೇಳಿದ್ದು ಒಂದು ದಿನ ಕೇಳಿಸ್ಕೊಂಡಿದ್ರೆ ಕೇಳು."

"ತಮಾಷೆ ಅಲ್ಲಮ್ಮ."

"ನಾನೂ ತಮಾಷೆ ಮಾಡ್ತಿಲ್ಲ. ಆ ಮನುಷ್ಯ ಐದು ತಿಂಗಳು ನಿನ್ನ ಮುಖ ಓದಿದಾನೆ. ಹೆತ್ತವ್ವ ನಾನು, ನಾನೇ ಅಷ್ಟು ಓದಿಲ್ಲ." ತಟ್ಟೆ ಎತ್ತಿಕೊಂಡು ಎದ್ದಳು. "ನಾಳೆ ಹೋಗು. ನನಗೆ ಎಪ್ಪತ್ತೆಂಟು, ಇನ್ನು ಕಾಯೋಕಾಗಲ್ಲ."

*

ಪ್ರೆಸ್ಸಿನ ಬಾಗಿಲು ತಳ್ಳಿದ್ದೇ ತಡ, ಸದ್ದು ಎದೆಗೆ ಗುದ್ದಿತು. ಉದ್ದನೆಯ ಶೆಡ್ಡು. ನಡುವೆ ದೊಡ್ಡ ಮೆಷಿನ್ ಒಂದು ಕಡೆಯಿಂದ ಹಾಳೆ ನುಂಗಿ ಇನ್ನೊಂದು ಕಡೆ ಉಗುಳುತ್ತಿತ್ತು. ಎಂಟು-ಹತ್ತು ಜನ ಹಾಳೆ ಮಡಚುವುದು, ಜೋಡಿಸುವುದು, ಕತ್ತರಿಸುವುದು ಮಾಡುತ್ತಿದ್ದರು. ಎಲ್ಲರೂ ಮಾತಾಡುತ್ತಿದ್ದರು, ನಗುತ್ತಿದ್ದರು. ಒಬ್ಬರ ದನಿಯೂ ಇಲ್ಲ. ಶೆಡ್ಡಿನ ಈ ತುದಿಯಿಂದ ಆ ತುದಿಗೆ ತುಟಿಯಲ್ಲೇ ಜೋಕು ಹೋಗಿ ಬರುತ್ತಿತ್ತು.

"ಯಜಮಾನರು ಎಲ್ಲಿದಾರೆ?" ಎಂದು ಕೇಳಿದೆ. ನನ್ನ ಮಾತು ನನಗೇ ಕೇಳಲಿಲ್ಲ. ಹಾಳೆ ಮಡಚುತ್ತಿದ್ದ ಹೆಂಗಸು ನನ್ನ ಬಾಯಿ ನೋಡಿ ಗದ್ದದಿಂದ ಮೆಷಿನ್ನಿನ ಆಚೆ ತೋರಿಸಿದಳು. ಆಮೇಲೆ ಪಕ್ಕದವಳಿಗೆ ತುಟಿಯಲ್ಲಿ ಏನೋ ಹೇಳಿದಳು. ನನ್ನ ಬಗ್ಗೆಯೇ ಇರಬೇಕು. ಆ ಜಾಗದಲ್ಲಿ ಕಿವುಡಿ ನಾನೊಬ್ಬಳೇ.

ಅವರು ಬೆನ್ನು ಹಾಕಿ ನಿಂತಿದ್ದರು. ಕೂಗಿ ಪ್ರಯೋಜನವಿರಲಿಲ್ಲ. ಹೋಗಿ ಭುಜ ಮುಟ್ಟಿದೆ.

ತಿರುಗಿದವರ ಮುಖದಲ್ಲಿ ಮೊದಲು ಗಾಬರಿ, ಆಮೇಲೆ ಸಂತೋಷ, ಆಮೇಲೆ ಆ ಸಂತೋಷವನ್ನು ಬಚ್ಚಿಡುವ ಯತ್ನ. ನಾನೂ ಓದಲು ಕಲಿಯುತ್ತಿದ್ದೆ. ಅವರು ಮೆಷಿನ್ ನಿಲ್ಲಿಸಲು ಕೈ ಚಾಚಿದರು. ನಾನು ಆ ಕೈ ಹಿಡಿದುಕೊಂಡೆ.

"ಬೇಡ, ಓಡಲಿ" ಎಂದೆ. ತುಟಿಯಲ್ಲೇ.

ಮೆಷಿನ್ ನಿಂತರೆ ಎಲ್ಲರಿಗೂ ಕೇಳುತ್ತದೆ. ಓಡುತ್ತಿದ್ದರೆ ಎಲ್ಲರೂ ನನ್ನ ತುಟಿ ಓದುತ್ತಾರೆ. ಆಗಲೇ ಹಾಳೆ ಮಡಚುವ ಕೈಗಳೆಲ್ಲ ನಿಂತಿದ್ದವು. ಉಳಿದದ್ದು ಒಂದೇ ದಾರಿ. ಅವರ ಎಡಕ್ಕೆ ಬಂದು, ಹಿಮ್ಮಡಿ ಎತ್ತಿ, ಅವರ ಕಿವಿಯ ಹತ್ತಿರ ಬಾಯಿ ಒಯ್ದೆ. ಆ ಗದ್ದಲಕ್ಕೆ ಒಂದು ಗೇಣು ಸಾಲದೆನಿಸಿ ಇನ್ನೂ ಹತ್ತಿರ ಹೋದೆ. ಶಾಯಿಯ ವಾಸನೆ, ಸೀಮೆಎಣ್ಣೆಯ ವಾಸನೆ. ಕಿವಿಯ ಹಿಂದೆ ಒಂದೆರಡು ಬಿಳಿ ಕೂದಲು.

ಹೇಳಬೇಕಾದದ್ದನ್ನು ಬಸ್ಸಿನಲ್ಲಿ ಚೆನ್ನಾಗಿ ಜೋಡಿಸಿಕೊಂಡು ಬಂದಿದ್ದೆ. ಅದೆಲ್ಲ ಎಲ್ಲಿ ಹೋಯಿತೋ. ದನಿ ನಡುಗಿತು, ನಡುವೆ ಒಡೆಯಿತು. ರೇಡಿಯೋದಲ್ಲಿ ಹೀಗೆ ಮಾತಾಡಿದ್ದರೆ ಅಣ್ಣ ತಕ್ಷಣ ಹಾಡು ಹಾಕಿಬಿಡುತ್ತಿದ್ದರು.

"ನಂಗೆ ನಲವತ್ತೇಳು. ಹಾಡೋಕೆ ಬರಲ್ಲ. ಮಾತು ಜಾಸ್ತಿ, ಒಬ್ಬಳೇ ಇದ್ರೂ ಮಾತಾಡ್ತೀನಿ. ಅಮ್ಮ ಜೊತೆಗೇ ಇರ್ತಾಳೆ, ಅವಳದು ನನಗಿಂತ ಜಾಸ್ತಿ. ನನಗೆ ಗುರುವಾರ ಒಂದೇ ಸಾಲದು. ಉಳಿದ ಆರು ದಿನವೂ ನೀವು ಬೇಕು."

ಹಿಂದೆ ಸರಿದು ನಿಂತೆ. ಅವರು ಕಣ್ಣು ಮುಚ್ಚಿದ್ದರು. ನನಗೆ ಲೆಕ್ಕದ ಮೇಷ್ಟ್ರು ನೆನಪಾದರು. ಮರುಗಳಿಗೆ ಕಣ್ಣು ತೆರೆದು ನನ್ನನ್ನು ನೋಡಿದರು. ತುಟಿಯನ್ನಲ್ಲ, ನನ್ನನ್ನು. ಕಣ್ಣಂಚು ಒದ್ದೆಯಾಗಿತ್ತು.

ಅವರು ಏನೋ ಹೇಳಿದರು. ಮೆಷಿನ್ನಿನ ಸದ್ದಿನಲ್ಲಿ ನನಗೆ ಕೇಳಲಿಲ್ಲ. ಅವರ ತುಟಿ ನೋಡಿದೆ. ನಾನು ಹೊಸಬಳೆಂದು ತಿಳಿದು, ಅವರು ಒಂದೊಂದೇ ಅಕ್ಷರ ಬಿಡಿಸಿ ಮತ್ತೆ ಹೇಳಿದರು.

"ಇನ್ನೊಂದ್ಸಲ ಹೇಳಿ."

"ಯಾಕೆ, ಕೇಳಿಸಲಿಲ್ವಾ?" ಎಂದೆ.

"ಕೇಳಿಸ್ತು" ಎಂದರು. "ಅದಕ್ಕೇ."